ಕೂಗಿನ ಜಂಬಣ್ಣ ಊರು ಬಿಟ್ಟ ಕಥೆ

ಭಾಳ ಹಿಂದೆ, ಯಾವ ರಾಜ ಆಳ್ತಿದ್ದ ಅಂತ ಯಾರಿಗೂ ನೆನಪಿಲ್ಲದಷ್ಟು ಹಿಂದೆ, ಒಂದೂರು ಇತ್ತಂತೆ. ಹಳ್ಳಿ ಅನ್ನೋಕೆ ದೊಡ್ಡದು, ಪಟ್ಟಣ ಅನ್ನೋಕೆ ಸಣ್ಣದು. ಎರಡು ಬಂಡೆಗುಡ್ಡದ ನಡುವೆ ತಗ್ಗಿನಲ್ಲಿ ಕುಂತಿತ್ತು, ಅದಕ್ಕೇ ತಗ್ಗಿನಪೇಟೆ ಅಂತ ಹೆಸರು. ಒಂದು ಸಂತೆ ಬಯಲು, ಒಂದು ದೊಡ್ಡ ಬಾವಿ, ನಾಕು ಬೀದಿ, ಒಂದು ಊರಬಾಗಿಲು. ಮೂಡಲ ಬೀದಿಯಲ್ಲಿ ಯಾರಾದ್ರೂ ಸೀನಿದ್ರೆ ಪಡುವಲ ಬೀದಿಯಲ್ಲಿ ‘ನೂರ್ಕಾಲ ಬದುಕಪ್ಪ’ ಅಂತಿದ್ರಂತೆ. ಅಷ್ಟು ಸಣ್ಣ ಊರು.

ಆ ಊರಲ್ಲಿ ಜಂಬಣ್ಣ ಅಂತ ಒಬ್ಬ ಇದ್ದ. ಅವನ ಕಸುಬು ಕೂಗೋದು. ಹ್ಞೂಂ, ಕೂಗೋದೇ, ನಗಬ್ಯಾಡ್ರಿ. ಯಾರದೋ ಎಮ್ಮೆ ತಪ್ಪಿಸ್ಕೊಂಡ್ರೆ ಜಂಬಣ್ಣ ಕೂಗಬೇಕು, ಸಂತೆಗೆ ಹೊಸ ಬೆಲ್ಲ ಬಂದ್ರೆ ಜಂಬಣ್ಣ ಕೂಗಬೇಕು, ಬಾವಿ ಹೂಳೆತ್ತೋಕೆ ಮನೆಗೊಬ್ಬರು ಬರ್ರಿ ಅಂತಾನೂ ಜಂಬಣ್ಣನೇ ಕೂಗಬೇಕು. ಗುಡ್ಡದ ಬಂಡೆ ಮೇಲೆ ನಿಂತು ಅವನು ಒಂದು ಕೂಗು ಹಾಕಿದ್ರೆ, ಪಕ್ಕದೂರಿನ ಹೆಂಗಸರು ಗುಡುಗು ಅಂದ್ಕೊಂಡು ಅಂಗಳದ ಹಪ್ಪಳ ಒಳಗೆ ಎಳ್ಕೊಂಡು ಹೋಗ್ತಿದ್ರು ಅಂತಾರೆ. ಅವನ ಕೂಗಿಗೆ ಬೆದರಿ ಗಬ್ಬದ ಎಮ್ಮೆಯೊಂದು ನಿಂತಲ್ಲೇ ಕರು ಹಾಕ್ತು ಅಂತಾರೆ. ನಿಜವೋ ಸುಳ್ಳೋ, ಎಮ್ಮೆಯಂತೂ ಬಂದು ಹೇಳಲಿಲ್ಲ.

ಗಂಟಲೇನೋ ದೇವರು ಕೊಟ್ಟಿದ್ದ. ಕಾಲು ಯಾವ ಭೂತ ಕೊಟ್ಟಿತ್ತೋ! ಒಂದು ಕಡೆ ನಿಂತೋನಲ್ಲ, ಕುಂತೋನಲ್ಲ. ಕಾಲು ಸುಟ್ಟ ಬೆಕ್ಕು ನೋಡೀರಲ್ಲ, ಹಂಗೆ. ಉಣ್ಣೋಕೆ ಕುಂತ್ರೆ ಎರಡು ತುತ್ತಿಗೆ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡಿ ಬರ್ತಿದ್ದ. ಸಂತೆಗೆ ಬಂದ ಬಂಡಿಯೋರ ಹತ್ರ ಹೋಗಿ, ಆ ಊರು ಹೆಂಗೈತೆ, ಈ ಊರು ಹೆಂಗೈತೆ ಅಂತ ಕೇಳ್ತಿದ್ದ. ಕೇಳಿ ಬಂದು ಇನ್ನೂ ಚಡಪಡಿಸ್ತಿದ್ದ. ಹೆಂಡತಿ ಇದ್ದಾಗ, ಒಂದು ಗಳಿಗೆ ನೆಟ್ಟಗೆ ಕೂರೋ ಮಾರಾಯಾ ಅಂತ ಬೈತಿದ್ಲು. ಆಕೆ ಹೋದ ಮೇಲೆ ಬೈಯೋರೂ ಇಲ್ಲ. ಉಳಿದೋಳು ಒಬ್ಬಳೇ ಮಗಳು, ಸುಂಕಿ, ಮುಂದಿನ ಹಲ್ಲು ಬಿದ್ದಿದ್ದ ಚೋಟುದ್ದದ ಹುಡುಗಿ.

ಇನ್ನು ಆ ಊರಿನ ರೂಢಿ ಹೇಳಬೇಕು. ತಗ್ಗಿನಪೇಟೆಯಲ್ಲಿ ಎದುರಿಗೆ ಸಿಕ್ಕೋರನ್ನ ‘ಎತ್ತ ಹೊಂಟಿ?’ ಅಂತ ಕೇಳದೆ ಬಿಡೋ ಮಾತೇ ಇರಲಿಲ್ಲ. ತಂಬಿಗೆ ಹಿಡಿದು ಹೊಂಟೋನನ್ನೂ ಕೇಳೋರು, ಹೆಣ ಹೊತ್ತು ಹೊಂಟೋರನ್ನೂ ಕೇಳೋರು! ಎಲ್ಲರಿಗಿಂತ ಜೋರು ಅಂದ್ರೆ ಕೆಂಚವ್ವ. ಊರಬಾಗಿಲ ಪಕ್ಕದಲ್ಲಿ ಮರಳಲ್ಲಿ ಮಂಡಕ್ಕಿ ಹುರಿಯೋ ಮುದುಕಿ. ಅವಳ ಒಲೆ ದಾಟದೆ ಊರಿಂದ ಇರುವೆಯೂ ಹೊರಗೆ ಹೋಗೋ ಹಂಗಿಲ್ಲ. ಜಂಬಣ್ಣನಿಗೆ ಆ ಮಾತು ಕೇಳಿದ್ರೆ ಮೈಯೆಲ್ಲ ಉರಿ. ಅದಕ್ಕೇ ಅವನದು ಒಂದೇ ಉತ್ತರ, ತಿರುಗಿಯೂ ನೋಡದೆ: “ಇಲ್ಲೇ, ಹೋಗಿ ಬರ್ತೀನಿ ಕೆಂಚವ್ವ.”

ಒಂದಿನ ಅವನಿಗೆ ಸುಮ್ಮನೆ ಒಬ್ಬನೇ ಇರಬೇಕು ಅನ್ನಿಸ್ತು. ಯಾರ ಮುಖವೂ ಬೇಡ ಅಂತ ಗುಡ್ಡದ ಹಿಂದಕ್ಕೆ ಹೋಗಿ ಬಂಡೆಗೆ ಒರಗಿ ಕುಂತ. ಅಷ್ಟೇ ಅವನು ಮಾಡಿದ್ದು. ಸಂಜೆ ಮನೆಗೆ ಬರೋ ಹೊತ್ತಿಗೆ, ಜಂಬಣ್ಣನಿಗೆ ಮೈಯಲ್ಲಿ ಹುಷಾರಿಲ್ಲಂತೆ ಅಂತ ಬಾವಿಕಟ್ಟೆಯಲ್ಲಿ ಮಾತಾಗಿ, ಎರಡನೇ ಮದುವೆಗೆ ಹೆಣ್ಣು ನೋಡೋಕೆ ಹೋಗ್ಯಾನಂತೆ ಅಂತ ಸಂತೆಬಯಲಲ್ಲಿ ಮಾತಾಗಿ, ಮೂರು ಮನೆಯಿಂದ ಕಷಾಯ ಬಂದು ಕುಂತಿತ್ತು. ಪಕ್ಕದ ಮನೆಯಾಕೆ ಹೆಣ್ಣಿನ ಊರು ಯಾವುದು ಅಂತ ಕೇಳಿಯೇ ಬಿಟ್ಲು.

ಜಂಬಣ್ಣನ ತಲೆ ಚಿಟ್ಟು ಹಿಡೀತು. ಇದೇನು ಊರೋ, ಇಲ್ಲ ಕೋಳಿಗೂಡೋ? ಒಂದು ಹೆಜ್ಜೆ ಇಟ್ರೆ ನೂರು ಕಣ್ಣು, ಒಂದು ಉಸಿರು ಬಿಟ್ರೆ ನೂರು ಕಿವಿ! ಅಂತ ಕೂಗಾಡಿದ. ಕೂಗಾಡಿದ್ದು ಊರಿಗೆಲ್ಲ ಕೇಳಿಸ್ತು, ಇನ್ನೊಂದು ಮನೆಯಿಂದ ಕಷಾಯ ಬಂತು.

ಬೆಳಗಾಗೋದೇ ತಡ, ಗಂಟು ಕಟ್ಟಿದ. ಸುಂಕಿಯ ಕೈ ಹಿಡಿದ. ಅರಳೆ ಬಂಡಿಗಳು ಪಟ್ಟಣಕ್ಕೆ ಹೊಂಟಿದ್ವು, ಅವರ ಜೊತೆ ಹೊಂಟೇಬಿಟ್ಟ. ಕೆಂಚವ್ವ ಒಲೆಗೆ ಸೌದೆ ತುಂಬುತಿದ್ದಳು, ಕೇಳಿದಳು. ತಲೆ ಮೇಲೆ ಗಂಟು, ಬಗಲಲ್ಲಿ ಚಾಪೆ, ಕೈಯಲ್ಲಿ ಮಗಳು. ಅಂಥಾ ಹೊತ್ತಲ್ಲೂ ಆ ಭೂಪ ‘ಇಲ್ಲೇ, ಹೋಗಿ ಬರ್ತೀನಿ’ ಅಂದನಂತೆ! ಕೆಂಚವ್ವ ಸುಂಕಿಯ ಲಂಗದ ಮಡಿಲಿಗೆ ಎರಡು ಬೊಗಸೆ ಮಂಡಕ್ಕಿ ಸುರಿದು ಒಳಗೆ ಹೋದಳು.

ಪಟ್ಟಣ ಅಂದ್ರೆ ಪಟ್ಟಣವೇ. ಏಳು ಬಾಗಿಲು, ಬಾಗಿಲಿಗೊಂದು ಬಜಾರು, ಬಜಾರಿಗೊಂದು ಭಾಷೆ. ಮೊದಲ ದಿನ ಜಂಬಣ್ಣ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ. ಯಾರೂ ಕೇಳಲಿಲ್ಲ. ಮತ್ತೆ ಆ ತುದಿಯಿಂದ ಈ ತುದಿಗೆ ನಡೆದ. ಆಗಲೂ ಯಾರೂ ಕೇಳಲಿಲ್ಲ! ಬೀದಿ ನಡುವೆ ನಿಂತು ಒಬ್ಬನೇ ನಕ್ಕನಂತೆ. ನಕ್ಕಿದ್ದಕ್ಕೂ ಯಾರೂ ಯಾಕೆ ಅನ್ನಲಿಲ್ಲ. ಇದಪ್ಪಾ ಬದುಕು ಅಂದ್ರೆ ಅಂದ್ಕೊಂಡ.

ಬಟ್ಟೆ ಅಂಗಡಿಯೊಂದರ ಮುಂದೆ ನಿಂತು ಗಿರಾಕಿ ಕೂಗೋ ಕೆಲಸ ಸಿಕ್ತು. ಆದ್ರೆ ಅಲ್ಲಿ ಅಂಗಡಿಗೊಬ್ಬ ಕೂಗೋನು. ಕಂಚುಗಾರರ ಬಡಿತ, ಬಂಡಿಗಳ ಗಡಗಡ, ಆನೆಯ ಗಂಟೆ. ಗುಡ್ಡ ನಡುಗಿಸೋ ಗಂಟಲು ಅಲ್ಲಿ ಎದುರು ಅಂಗಡಿಗೂ ಕೇಳಿಸ್ತಿರಲಿಲ್ಲ. ಕೇಳಿಸಲಿ ಅಂತ ಇನ್ನೂ ಜೋರಾಗಿ ಕೂಗೋನು, ಇನ್ನೂ ಚಡಪಡಿಸೋನು. ಇರೋ ಕೋಣೆಯ ಗೋಡೆಯಾಚೆ ಯಾರು ಇದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ, ಅವರಿಗೆ ಇವನ ಹೆಸರು ಗೊತ್ತಿರಲಿಲ್ಲ.

ಸುಂಕಿ ಅಂಗಡಿ ಮೆಟ್ಟಿಲ ಮೇಲೆ ಕುಂತು ಹಾದುಹೋಗೋರನ್ನೆಲ್ಲ ಕೇಳೋಳು: “ಎತ್ತ ಹೊಂಟೀರಿ?” ಒಬ್ಬರು ಗುರ್ ಅನ್ನೋರು, ಒಬ್ಬರು ಕೇಳಿಸದ ಹಂಗೆ ಹೋಗೋರು. ಜಂಬಣ್ಣ ಬೈದ. ದೊಡ್ಡ ಊರಲ್ಲಿ ಹಂಗೆಲ್ಲ ಕೇಳಬಾರದು, ಅದು ಹಳ್ಳಿ ಗುಗ್ಗುಗಳ ಬುದ್ಧಿ ಅಂದ. ಆ ಹುಡುಗಿಗೆ ಅದು ತಲೆಗೇ ಹೋಗಲಿಲ್ಲ. ಕೇಳದಿದ್ರೆ ಗೊತ್ತಾಗೋದು ಹೆಂಗೆ?

ಒಂದು ಹಬ್ಬದ ಹಿಂದಿನ ದಿನ. ಬಜಾರಲ್ಲಿ ಕಾಲಿಡೋಕೆ ಜಾಗ ಇಲ್ಲ. ಅವತ್ತು ಏನಾಯ್ತೋ, ಜಂಬಣ್ಣನ ಕೂಗು ಹತ್ತಿಕೊಂಡು ಬಿಡ್ತು. ಜನ ನಿಂತ್ರು. ನಿಂತೋರು ನಕ್ಕರು, ನಕ್ಕೋರು ಒಳಗೆ ಹೋದ್ರು. ಜಂಬಣ್ಣ ಉಬ್ಬಿ ಹೋದ. ಸೀರೆ ಮೇಲೆ ಸೀರೆ ಹೊಗಳಿ, ಹಾಡು ಕಟ್ಟಿ, ಕುಣಿದು ಕೂಗಿದ. ಪಟ್ಟಣಕ್ಕೆ ಬಂದ ಮೇಲೆ ಅವನು ಅಷ್ಟು ಖುಷಿಯಾಗಿದ್ದ ದಿನವೇ ಇಲ್ಲ ಅಂತಾರೆ. ಬೆವರು ಒರೆಸ್ಕೊಂಡು ತಿರುಗಿ ನೋಡಿದ್ರೆ ಮೆಟ್ಟಿಲ ಮೇಲೆ ಸುಂಕಿ ಇಲ್ಲ.

ಜಂಬಣ್ಣ ಆ ಕಡೆ ಓಡಿದ, ಈ ಕಡೆ ಓಡಿದ. ಚೋಟುದ್ದದ ಹುಡುಗಿ, ಹಸಿರು ಲಂಗ, ಮುಂದಿನ ಹಲ್ಲಿಲ್ಲ, ನೋಡಿದ್ರೇನ್ರಪ್ಪಾ? ಯಾರೂ ನೋಡಿರಲಿಲ್ಲ. ನೋಡಿದೋರೂ ನೋಡಿರಲಿಲ್ಲ. ತಗ್ಗಿನಪೇಟೆಯಲ್ಲಾಗಿದ್ರೆ ಒಂಟಿ ಮಗು ಒಂದು ಬೀದಿ ದಾಟೋಕೆ ಆಗ್ತಿತ್ತೇನು? ಹತ್ತು ಬಾಯಿ ‘ಎತ್ತ ಹೊಂಟಿಯವ್ವಾ’ ಅಂತಿದ್ವು, ಹತ್ತು ಕೈ ಹಿಡಿದು ನಿಲ್ಲಿಸ್ತಿದ್ವು. ಇಲ್ಲಿ ಒಂದು ಬಾಯೂ ಕೇಳಿರಲಿಲ್ಲ. ಆಗ ಜಂಬಣ್ಣ ಬಜಾರ ನಡುವೆ ನಿಂತು, ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ, “ಸುಂಕೀ!” ಅಂತ ಕೂಗಿದ. ಆ ಕೂಗಿಗೆ ಕೋಟೆ ಮೇಲಿನ ಪಾರಿವಾಳ ಎಲ್ಲ ಎದ್ದು ಹಾರಿದ್ವಂತೆ. ಜನ ಕಿವಿ ಮುಚ್ಕೊಂಡು ಮುಂದೆ ಹೋದ್ರು.

ಅವತ್ತಿಂದ ಅವನು ಕುಂತಿದ್ದೇ ಇಲ್ಲ. ಏಳು ಬಾಗಿಲಿಗೂ ಹೋಗಿ ಕೂಗಿದ, ಕೆರೆಯ ಹತ್ರ ಹೋಗಿ ಕೂಗಿದ, ಮಠದ ಮುಂದೆ, ಮಸೀದಿ ಮುಂದೆ, ಛತ್ರದ ಮುಂದೆ ಕೂಗಿದ. ಕೂಗಿ ಕೂಗಿ ಗಂಟಲು ಹರೀತು. ಅಂಗಡಿಯ ಕೆಲಸ ಹೋಯ್ತು, ಇರೋ ಕೋಣೆ ಹೋಯ್ತು. ಹುಣ್ಣಾದ ಕಾಲಿಗೆ ಬಟ್ಟೆ ಸುತ್ಕೊಂಡು ನಡೆದ. ಗಂಟಲಿಂದ ಕೂಗು ಹೋಗಿ ಗೊರಗೊರ ಅನ್ನೋದೊಂದು ಉಳೀತು, ಅದರಲ್ಲೇ ಕೂಗಿದ.

ಊರಿಗೆ ಯಾಕೆ ಹೋಗಲಿಲ್ಲ ಅಂತೀರೇನು? ಹೊಂಟಿದ್ದ. ಒಂದಲ್ಲ, ಭಾಳ ಸಲ ಹೊಂಟಿದ್ದ. ಪಟ್ಟಣದ ಹೊರಗಿನ ಹುಣಸೆಮರದ ತನಕ ಹೋಗೋನು. ಅಲ್ಲಿಗೆ ಹೋದ್ರೆ ಸಾಕು, ಕಣ್ಣ ಮುಂದೆ ಕೆಂಚವ್ವನ ಒಲೆ ಬರೋದು. ಅವಳು ಕೇಳೇ ಕೇಳ್ತಾಳೆ. ‘ಸುಂಕಿ ಎಲ್ಲೋ’ ಅಂತ ಕೇಳ್ತಾಳೆ. ಬಾವಿಕಟ್ಟೆ ಕೇಳ್ತದೆ, ನಾಕೂ ಬೀದಿ ಕೇಳ್ತವೆ. ಏನಂತ ಹೇಳೋದು? ಕೂಗೋದ್ರಲ್ಲಿ ಮೈಮರೆತು ಮಗಳನ್ನ ಕಳ್ಕೊಂಡೆ ಅಂತ ಯಾವ ಬಾಯಲ್ಲಿ ಹೇಳೋದು? ಹುಣಸೆಮರದಿಂದ ತಿರುಗಿ ಮತ್ತೆ ಪಟ್ಟಣಕ್ಕೇ ನುಗ್ಗೋನು. ಮಳೆಗಾಲ ಕಳೀತು, ಚಳಿ ಬಂತು. ಅವನು ನಡೀತಾನೇ ಇದ್ದ.

ಇತ್ತ ಆ ಹುಡುಗಿ ಏನು ಮಾಡಿದ್ಲು ಕೇಳ್ರಿ. ನೂಕುನುಗ್ಗಲಲ್ಲಿ ಮೆಟ್ಟಿಲಿಂದ ತಳ್ಳಿಸ್ಕೊಂಡು, ಜನದ ಕಾಲ ಸಂದಿಯಲ್ಲಿ ಎತ್ತೆತ್ತಲೋ ಹೋಗಿ, ಉಪ್ಪಿನ ಬಂಡಿ ನಿಲ್ಲೋ ಬಯಲಿಗೆ ಬಂದಳು. ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸ್ಕೊಂಡು, ಎತ್ತು ಹೂಡ್ತಿದ್ದ ಒಬ್ಬ ಗಡ್ಡದ ಮುದುಕನನ್ನ ಕೇಳಿದಳು, ಎತ್ತ ಹೊಂಟೀರಿ ಅಂತ. ಅವನು ಮಾಬುಸಾಬ, ಊರೂರಿಗೆ ಉಪ್ಪು ಹಾಕೋನು. ಆ ಪಟ್ಟಣದಲ್ಲಿ ಅವನನ್ನ ಯಾರೂ ಹಂಗೆ ಕೇಳಿರಲಿಲ್ಲ. ಸಂತೋಷಪಟ್ಟು ದಾರಿಯ ಊರೆಲ್ಲ ಹೇಳಿದ. ಹೇಳ್ತಾ ಹೇಳ್ತಾ ತಗ್ಗಿನಪೇಟೆ ಅಂದ. ‘ಅದು ನಮ್ಮೂರು!’ ಅಂತ ಆ ಹುಡುಗಿ ಕುಣಿದಳು. ನಿಮ್ಮಪ್ಪ ಎಲ್ಲವ್ವ ಅಂದ್ರೆ, ಮನೇಲಿ ಇರ್ತಾನೆ ಅಂದಳು.

ಸುಳ್ಳಲ್ಲ ಅದು. ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಸಂತೆಯಲ್ಲಿ ಕೈ ತಪ್ಪಿದ್ರೆ ಮನೆಗೆ ಹೋಗಿ ಕಟ್ಟೆ ಮೇಲೆ ಕುಂತ್ಕೊಬೇಕು, ಹುಡುಕೋರು ಅಲ್ಲಿಗೇ ಬರ್ತಾರೆ. ತಗ್ಗಿನಪೇಟೆಯ ಮಕ್ಕಳಿಗೆಲ್ಲ ಕಲಿಸೋದು ಇದೇ. ಮಾಬುಸಾಬ, ಪಾಪ, ಊರಿಂದ ಬಂದ ಬಂಡಿಯೋರು ಬಿಟ್ಟು ಹೋದ ಮಗು ಅಂದ್ಕೊಂಡ. ಎತ್ತಿ ಉಪ್ಪಿನ ಚೀಲದ ಮೇಲೆ ಕೂರಿಸ್ಕೊಂಡ. ದಾರಿಯುದ್ದಕ್ಕೂ ಅವಳಿಗೆ ರೊಟ್ಟಿ ಮುರಿದು ಕೊಟ್ಟು, ತಗ್ಗಿನಪೇಟೆಯ ಊರಬಾಗಿಲಲ್ಲಿ ಕೆಂಚವ್ವನ ಒಲೆ ಮುಂದೆ ಇಳಿಸಿ, ಮುಂದಿನೂರಿಗೆ ಹೋದ.

ಕೆಂಚವ್ವ ಮಗುವಿಗೆ ದೃಷ್ಟಿ ತೆಗೆದಳು, ನೀರು ಎರೆದಳು, ಉಣ್ಣಿಸಿದಳು. ಅಪ್ಪನ ಕೈ ತಪ್ತು ಅಂತ ಮಗು ಹೇಳ್ತು. ಓ, ಹಂಗಾದ್ರೆ ಇವತ್ತೋ ನಾಳೆಯೋ ಬಂದೇ ಬರ್ತಾನೆ ಬಿಡು ಅಂತು ಊರು. ನೋಡ್ರಿ, ಇಲ್ಲೇ ಅವರು ಎಡವಿದ್ದು. ತಗ್ಗಿನಪೇಟೆಯಲ್ಲಿ ಕಳೆದದ್ದನ್ನ ಕೂಗಿ ಹೇಳ್ತಿದ್ರೇ ಹೊರತು, ಸಿಕ್ಕಿದ್ದನ್ನ ಯಾರೂ ಯಾವತ್ತೂ ಕೂಗಿ ಹೇಳಿರಲಿಲ್ಲ. ಯಾಕೆ ಹೇಳಬೇಕು? ಸಿಕ್ಕ ಸುದ್ದಿ ತಾನೇ ಓಡ್ತಿತ್ತು. ಒಬ್ಬರಿಗೆ ಗೊತ್ತಾದ್ರೆ ಎಲ್ಲರಿಗೂ ಗೊತ್ತಾದ ಹಂಗೇ. ಜಂಬಣ್ಣನಿಗೂ ಗೊತ್ತಾಗಿರ್ತದೆ ಅಂದ್ಕೊಂಡು ಇಡೀ ಊರು ನೆಮ್ಮದಿಯಾಗಿ ಕುಂತುಬಿಡ್ತು.

ಸುಂಕಿ ಇವತ್ತು ಒಬ್ಬರ ಮನೆಯಲ್ಲಿ ಉಂಡಳು, ನಾಳೆ ಇನ್ನೊಬ್ಬರ ಮನೆಯಲ್ಲಿ ಮಲಗಿದಳು. ಒಬ್ಬರು ಜಡೆ ಹಾಕಿದ್ರು, ಒಬ್ಬರು ಲಂಗ ಹೊಲಿಸಿದ್ರು. ದಿನಾ ಸಂಜೆ ಹೋಗಿ ತಮ್ಮನೆ ಕಟ್ಟೆ ಮೇಲೆ ಕುಂತು ಬರ್ತಿದ್ಲು. ಜಂಬಣ್ಣ ಬರಲಿಲ್ಲ. ಪಟ್ಟಣದ ರುಚಿ ಹತ್ತಿ ಹೆತ್ತ ಮಗಳನ್ನೇ ಮರೆತ ಅಂತ ಊರು ಬೈಯೋಕೆ ಶುರುಮಾಡ್ತು. ಕೆಂಚವ್ವನಂತೂ ಮಂಡಕ್ಕಿ ಹುರಿಯೋವಾಗೆಲ್ಲ ಶಾಪ ಹಾಕ್ತಾನೇ ಹುರಿಯೋಳು.

ಚಳಿಗಾಲದ ಕೊನೆಗೆ ಮಾಬುಸಾಬ ಮತ್ತೆ ಉಪ್ಪು ತಂದ. ಒಲೆ ಮುಂದೆ ಕುಂತು ಮಂಡಕ್ಕಿ ತಿಂತಾ ಪಟ್ಟಣದ ಸುದ್ದಿ ಹೇಳ್ತಿದ್ದ. ಅಲ್ಲೊಬ್ಬ ಹುಚ್ಚ ಇದ್ದಾನೆ, ಗಂಟಲೇ ಇಲ್ಲ ಪಾಪ, ಆದ್ರೂ ಬಾಗಿಲು ಬಾಗಿಲಿಗೆ ಹೋಗಿ ಏನೋ ಹೆಸರು ಹಿಡಿದು ಗೊರಗೊರ ಅಂತ ಕೂಗ್ತಾನೆ ಅಂದ. ಕೆಂಚವ್ವನ ಕೈಯ ಜಾಲರಿ ನಿಂತೇಹೋಯ್ತು.

“ಅಯ್ಯೋ ನನ ಶಿವನೇ! ಅವನಿಗೆ ಗೊತ್ತಿಲ್ಲ!”

ಮುದುಕಿ ಎದೆ ಎದೆ ಬಡ್ಕೊಂಡು ಬೀದಿಗೆ ಓಡಿದಳು. ಊರಿಗೆ ಊರೇ ತಲೆ ಮೇಲೆ ಕೈ ಇಟ್ಕೊಂತು. ಇಷ್ಟು ದಿನ ನಾವು ಉಂಡ್ವಿ, ಮಲಗಿದ್ವಿ, ಅವನನ್ನ ಬೈದ್ವಿ. ಅವನಿಗೆ ಗೊತ್ತೇ ಇಲ್ಲ. ಬಂಡಿ ಕಟ್ಟಿದ್ರು. ಹೋಗೋಕಾಗೋರೆಲ್ಲ ಹತ್ತಿದ್ರು. ಕೆಂಚವ್ವ ಒಲೆ ಆರಿಸಿ ಮುಂದಿನ ಬಂಡಿಯಲ್ಲಿ ಕುಂತಳು. ಆ ಒಲೆ ಆರಿದ್ದನ್ನ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ ಅಂತಾರೆ.

ಪಟ್ಟಣದ ಬಾಗಿಲಲ್ಲಿ ಇಳಿದು, ಕಾವಲುಗಾರನ ಹತ್ರ ಹೋಗಿ, ನಮ್ಮ ಜಂಬಣ್ಣ ಎಲ್ಲಿರ್ತಾನಪ್ಪಾ ಅಂತ ಕೇಳಿದ್ರಂತೆ! ಯಾವ ಜಂಬಣ್ಣ ಅಂತ ಅವನು ಕೇಳಿದ್ದಕ್ಕೆ ಇವರಿಗೇ ಆಶ್ಚರ್ಯ. ಯಾವ ಜಂಬಣ್ಣ ಅಂದ್ರೇನು, ನಮ್ಮ ಜಂಬಣ್ಣ! ಕಾವಲುಗಾರರು ಹೊಟ್ಟೆ ಹಿಡ್ಕೊಂಡು ನಕ್ಕರು. ಇವರು ನಾಚಲಿಲ್ಲ. ಬೀದಿ ಬೀದಿಗೆ ಹಂಚ್ಕೊಂಡು ಹೋಗಿ, ತಮ್ಮೂರಲ್ಲಿ ಕೇಳೋ ಹಂಗೇ ಸಿಕ್ಕಸಿಕ್ಕೋರನ್ನ ಹಿಡಿದು ಕೇಳ್ತಾ ಹೋದ್ರು. ಬೈಸ್ಕೊಂಡ್ರು, ತಳ್ಳಿಸ್ಕೊಂಡ್ರು, ಮತ್ತೆ ಕೇಳಿದ್ರು.

ಕೆಂಚವ್ವನಿಗೆ ಸುತ್ತೋಕೆ ಕಾಲಿಲ್ಲ. ನಾಕು ದಾರಿ ಕೂಡೋ ಕಡೆ ಒಂದು ಕಲ್ಲಿನ ಮೇಲೆ ಕುಂತಳು. ಹಾದುಹೋದೋರಲ್ಲಿ ಒಬ್ಬರನ್ನೂ ಬಿಡಲಿಲ್ಲ. ಹೊತ್ತು ಇಳೀತು. ಆಗ ತಲೆ ಬಗ್ಗಿಸ್ಕೊಂಡು, ಎದೆ ತನಕ ಗಡ್ಡ ಬಿಟ್ಟ, ಕಾಲಿಗೆ ಬಟ್ಟೆ ಸುತ್ತಿದ ಒಬ್ಬ ಸರಸರ ಹೊಂಟಿದ್ದ. ಯಾರೋ ಬೈರಾಗಿ ಅಂದ್ಕೊಂಡಳು, ಆದ್ರೂ ಕೇಳಿದಳು: “ಯಾರಪ್ಪಾ ಅದು, ಎತ್ತ ಹೊಂಟಿ?”

ಅವನು ನಿಲ್ಲಲಿಲ್ಲ, ತಿರುಗಲೂ ಇಲ್ಲ. ಆದ್ರೆ ಹರಿದ ಗಂಟಲು ತನ್ನಷ್ಟಕ್ಕೆ ತಾನೇ ಅಂತು, ಇಲ್ಲೇ ಹೋಗಿ ಬರ್ತೀನಿ ಕೆಂಚವ್ವ, ಅಂತ.

ಅಂದ ಮೇಲೆ ಅವನ ಕಾಲು ನಿಂತಿತು. ತಿರುಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ರು. ಜಂಬಣ್ಣ ಹಿಂದಕ್ಕೆ ಸರಿದ. ಈಗ ಕೇಳ್ತಾಳೆ, ಸುಂಕಿ ಎಲ್ಲೋ ಅಂತ ಕೇಳೇಬಿಡ್ತಾಳೆ! ಅವನು ಎದ್ದೆನೋ ಬಿದ್ದೆನೋ ಅಂತ ಓಡಿದ. ಕೆಂಚವ್ವ ಕೂಗಿದಳು. ಮುದುಕಿಯ ಗಂಟಲು ಎಷ್ಟು ದೂರ ಹೋದೀತು? ಆದ್ರೆ ಪಕ್ಕದ ಬೀದಿಯಲ್ಲಿದ್ದ ಊರೋರಿಗೆ ಕೇಳ್ತು, ಅವರು ಕೂಗಿದ್ರು. ಅವರದು ಆಚೆ ಬೀದಿಯೋರಿಗೆ ಕೇಳ್ತು, ಅವರೂ ಕೂಗಿದ್ರು. ಹುಟ್ಟಿದಾಗಿಂದ ಕೂಗೋ ಕೆಲಸ ಜಂಬಣ್ಣನದು ಅಂತ ಬಿಟ್ಟಿದ್ದ ಜನ ಅವರು. ಒಬ್ಬರದೂ ನೆಟ್ಟಗಿನ ಗಂಟಲಲ್ಲ. ಒಬ್ಬರದು ಕೀರಲು, ಒಬ್ಬರದು ಗೊಗ್ಗರು, ಒಬ್ಬರಿಗೆ ಅಳುವೇ ಹೆಚ್ಚು. ಎಲ್ಲರದೂ ಒಂದೇ ಮಾತು.

“ಸುಂಕಿ ಸಿಕ್ಕಾಳೋ! ಊರಾಗೆ ಅದಾಳೋ!”

ಓಡ್ತಿದ್ದೋನಿಗೆ ಮೊದಲು ಗದ್ದಲ ಕೇಳ್ತು, ಆಮೇಲೆ ಹೆಸರು ಕೇಳ್ತು. ಆಮೇಲೆ ಅವನು ಬಜಾರ ನಡುವೆ ಕುಸಿದು ಕುಂತ. ಮಗಳು ಕಳೆದ ದಿನದಿಂದ ಕೂರದ ಮನುಷ್ಯ, ಅವತ್ತು ನಾಕು ಜನ ಹಿಡಿದು ಎಬ್ಬಿಸಿದ್ರೂ ಏಳಲಾಗಲಿಲ್ಲವಂತೆ. ಎತ್ಕೊಂಡು ಹೋಗಿ ಬಂಡಿಗೆ ಹಾಕಿದ್ರು.

ಊರಿಗೆ ಬಂದಾಗ ಸುಂಕಿ ಗುರುತೇ ಹಿಡೀಲಿಲ್ಲ. ಆ ಗಡ್ಡ, ಆ ಮೂಳೆ ನೋಡಿ ಪಕ್ಕದ ಮನೆಯಾಕೆಯ ಸೀರೆ ಹಿಂದೆ ಅಡಗಿದಳು. ಊರಿಗೆಲ್ಲ ಕೂಗಿ ಹೇಳಿದೋನಿಗೆ ಮಗಳ ಹೆಸರು ಕರೆಯೋಕೆ ದನಿ ಬರಲಿಲ್ಲ. ಸುಂಕಿ ಭಾಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಬಂದು ಗಡ್ಡ ಹಿಡಿದು ಎಳೆದು, ಯಾಕಪ್ಪಾ ಇಷ್ಟು ಕೂದಲು ಬಿಟ್ಕೊಂಡಿ, ಚುಚ್ತದೆ ಅಂದಳು.

ಅವಳನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೊಂಡು ಜಂಬಣ್ಣ ಬೀದಿ ನಡುವೆ ಬಂದ. ಹರಿದ ಗಂಟಲಲ್ಲೇ, ರಕ್ತ ಬಂದ್ರೂ ಬರಲಿ ಅಂತ, ಕೂಗಿದ: ಸಿಕ್ಕಳು, ನನ್ನ ಮಗಳು ಸಿಕ್ಕಳು. ಊರೋರಿಗೆ ಗೊತ್ತಿಲ್ಲದ್ದೇನು ಅದು? ಅವನಿಗೆ ಹೇಳಿದೋರೇ ಅವರು. ಆದ್ರೂ ಎಲ್ಲರೂ ಬಾಗಿಲಿಗೆ ಬಂದು ನಿಂತು, ಈಗಷ್ಟೇ ಕೇಳಿದೋರ ಹಂಗೆ ಕೇಳಿದ್ರು.

ಆಮೇಲೆ ಜಂಬಣ್ಣ ಒಂದೇ ಕಡೆ ಕುಂತ್ಕೊಂಡ ಅಂದ್ರೆ ನಂಬಬ್ಯಾಡ್ರಿ, ಹುಟ್ಟಿನಿಂದ ಬಂದ ಕಾಲು ಎಲ್ಲಿ ಹೋಗ್ತದೆ? ಸಾಯೋ ತನಕ ಬೀದಿ ಸುತ್ತುತಾನೇ ಇದ್ದ. ಕಷಾಯ ಬಂದಾಗೆಲ್ಲ ಬೈತಾನೂ ಇದ್ದ. ಬೈದು, ಕುಡೀತಿದ್ದ. ಪೂರಾ ದನಿ ಅವನಿಗೆ ಮತ್ತೆ ಬರಲೇ ಇಲ್ಲ. ಕಳೆದದ್ದನ್ನ ಕೂಗೋಕೆ ಬೇರೆ ಹುಡುಗನ್ನ ಇಟ್ಕೊಳ್ರಿ, ಸಿಕ್ಕಿದ್ದನ್ನ ಮಾತ್ರ ನಾನೇ ಹೇಳ್ತೀನಿ ಅಂತ ಹಟ ಹಿಡಿದನಂತೆ. ಒಂದು ಸೂಜಿ ಸಿಕ್ಕಿದ್ರೂ ಮನೆಮನೆ ಮುಂದೆ ನಿಂತು ಹೇಳಿ ಬರ್ತಿದ್ದ.

ಈಗಲೂ ಆ ಊರಿಗೆ ಹೋದ್ರೆ ನೋಡಬಹುದು. ಕರು ಸಿಕ್ಕಿದ್ರೆ, ಕೀಲಿ ಸಿಕ್ಕಿದ್ರೆ, ಬೀದಿಗೆ ಬಂದು ‘ಸಿಕ್ತು’ ಅಂತ ಕೂಗ್ತಾರೆ. ಒಳಗಿಂದ ಹತ್ತು ಮನೆ ‘ಆತು ಬಿಡು’ ಅಂತವೆ. ಹೊಸಬರು ನಗ್ತಾರೆ. ಹೊತ್ತು ಮೀರಿ ಮನೆಗೆ ಬಂದ ಮಗುವನ್ನ ಆ ಊರಿನ ತಾಯಿ ಮೊದಲು ಬೈಯೋದಿಲ್ಲ, ಮೊದಲು ಅಪ್ಪಿಕೊಳ್ಳೋದೂ ಇಲ್ಲ. ರಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದು, ಕತ್ತಲ ಕಡೆ ಮುಖ ಮಾಡಿ, ‘ಬಂದ್ಲು, ನಮ್ಮ ಹುಡುಗಿ ಬಂದ್ಲು’ ಅಂತ ಕೂಗಿ ಹೇಳ್ತಾಳೆ. ಯಾರಿಗೆ ಹೇಳ್ತೀಯವ್ವಾ, ಎಲ್ಲರೂ ಇಲ್ಲೇ ಇದ್ದೀವಲ್ಲ ಅಂತ ಕೇಳಿದ್ರೆ, ಇನ್ನೂ ಹುಡುಕ್ತಾ ಇರೋರು ಯಾರಾದ್ರೂ ಇದ್ರೆ ಅವರೂ ಮನೆಗೆ ಬರಲಿ ಅಂತಾಳೆ.